ನೀಲಿ ಗಿಟಾರ್ ಕೊಳ್ಳುವ ಮುಂಚೆ

ಶ್ರೀಹರಿ,

ಪುಳಿಯೋಗರೆ ಮುಚ್ಚಿಟ್ಟಿದ್ದೇನೆ, ತಿಂದೇ ಹೋಗು. ನಾನು ಆಫೀಸಿನಿಂದ ಹಾಗೇ ಈವ್ನಿಂಗ್ ಕಾಲೇಜಿಗೆ ಹೋಗುತ್ತೇನೆ, ಗಿಟಾರ್ ಕೊಳ್ಳಲು ನಿನ್ನ ಜೊತೆ ಬರಲಾಗುವುದಿಲ್ಲ. ನೀನೂ ಕರೆಯಲಿಲ್ಲ ಬಿಡು. ನಿನ್ನ ಕ್ಲಾಸಿನ ಯಶಶ್ರೀ ಬರುತ್ತಾಳಲ್ಲ.

"ಆ ನೀಲಿದು ಸೂಪರಾಗಿದೆ ಗುರು, ತಗೊಂಡ್ಬಿಡು" ಅಂದಳಂತೆ. ಅದರ ದನಿ ಕೇಳಿ ಹೇಳಿದಳೋ, ಬರೀ ಬಣ್ಣ ನೋಡಿ ಹೇಳಿದಳೋ?

ಶನಿವಾರ ನಾನೊಬ್ಬಳೇ ಚಾಮರಾಜಪೇಟೆಯ ಆ ಅಂಗಡಿಗೆ ಹೋಗಿದ್ದೆ. ನಿನಗೆ ಹೇಳಲಿಲ್ಲ. ನಮ್ಮ ಕೈಗೆಟುಕುವಂಥವು ಎರಡೇ ಇದ್ದವು. ಅಂಗಡಿಯವರು ಎರಡನ್ನೂ ಮೊದಲು ಹಾಗೇ ನುಡಿಸಿದರು, ಆಮೇಲೆ ವೈರು ಸಿಕ್ಕಿಸಿ ಸ್ಪೀಕರಿನಲ್ಲಿ ಕೇಳಿಸಿದರು. ಬಣ್ಣಕ್ಕೆ ಮರುಳಾಗಬಾರದೆಂದು ನಾನು ಗೋಡೆಗೆ ಮುಖ ಮಾಡಿ ನಿಂತೆ. ಹಾಗೇ ನುಡಿಸಿದಾಗ ಎರಡೂ ಚೆನ್ನಾಗಿದ್ದವು. ಸ್ಪೀಕರಿಗೆ ಹಾಕಿದ ಮೇಲೆ ನೀಲಿದು ತಗಡು ಬಡಿದ ಹಾಗೆ ಕೇಳಿಸಿತು. ಕಂದು ಬಣ್ಣದ್ದರ ದನಿ ಮಾತ್ರ ಕೆಡಲಿಲ್ಲ. ಕಾಲೇಜ್ ಡೇಗೆ ನೀನು ನುಡಿಸುವುದು ಸ್ಪೀಕರಿನಲ್ಲೇ ತಾನೆ?

ನನ್ನ ಕಿವಿಯೇ ತಪ್ಪಿರಬಹುದು. "ಅಕ್ಕಾ, ನಿಂಗೆ ಶ್ರುತಿ ಗೊತ್ತಾಗಲ್ಲ" ಅಂತ ಯಾವಾಗಲೂ ನಗುತ್ತೀಯ. ಅದಕ್ಕೇ ಯಶಶ್ರೀಯನ್ನೂ ಗೋಡೆ ಕಡೆ ತಿರುಗಿಸಿ ಎರಡನ್ನೂ ಸ್ಪೀಕರಿನಲ್ಲಿ ಕೇಳಿಸು. ಆಗಲೂ ನೀಲಿದೇ ಅಂದರೆ ಅದನ್ನೇ ತಾ, ನಾನು ತುಟಿ ಬಿಚ್ಚುವುದಿಲ್ಲ.

ಕಂದು ಬಣ್ಣದ್ದು ಅಂದರೆ, ದಯವಿಟ್ಟು ಅಮ್ಮನ ಮುಂದೆ "ಯಶಶ್ರೀ ಸೆಲೆಕ್ಷನ್" ಅನ್ನಬೇಡ. ಅದನ್ನು ಮೊದಲು ಆರಿಸಿದ್ದು ನಾನು.

ಆಂಡಾಳ್