ಪ್ಲಾಸ್ಟಿಕ್ ಹೊದ್ದ ಕ್ರಿಕೆಟ್ ಕಾರ್ಡುಗಳು

ನಿಜ್ವಾ, ಒಮಾನ್
ಗುರುವಾರ, ೬ ಫೆಬ್ರವರಿ ೨೦೨೫

ಪ್ರೀತಿಯ ಸಿದ್ದು,

ಹೇಗಿದ್ದೀಯಪ್ಪಾ? ನಿನ್ನ ಕೆಮ್ಮು ಕಡಿಮೆಯಾಯಿತೋ ಇಲ್ಲವೋ? ಫೋನಿನಲ್ಲಿ ಆರಾಮ ಅನ್ನುತ್ತೀ, ಹಿಂದೆಯೇ ನಾಲ್ಕು ಸಲ ಕೆಮ್ಮುತ್ತೀ. ಪ್ರತಿಮಾಗೆ ಹೇಳು, ಮೆಣಸಿನ ಕಷಾಯ ಮಾಡಿ ಎದುರಿಗೆ ನಿಂತು ಕುಡಿಸಲಿ. ನನ್ನ ಮೊಮ್ಮಗಳು ಖುಷಿಯ ಮುಂದಿನ ಹಲ್ಲು ಬಿದ್ದ ಫೋಟೋ ನೋಡಿದೆ, ಥೇಟ್ ಆ ವಯಸ್ಸಿನ ನೀನೇ. ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ಚಳಿ ಇನ್ನೂ ಇದೆ, ಬೆಳಿಗ್ಗೆ ಶಾಲೆಗೆ ಹೋಗುವಾಗ ಶಾಲು ಬೇಕೇ ಬೇಕು. ಮಕ್ಕಳ ಪರೀಕ್ಷೆ ಮುಗಿಯುವವರೆಗೆ ನನಗೆ ಬಿಡುಗಡೆ ಇಲ್ಲ, ಕೆಲಸದಿಂದ ನಿವೃತ್ತರಾದ ನಿಮ್ಮಪ್ಪನ ವೀಸಾ ಅಲ್ಲಿಯವರೆಗೆ ಕಾಯುವುದಿಲ್ಲ. ಹಾಗಾಗಿ ಮುಂದಿನ ಶನಿವಾರ ಅವರೊಬ್ಬರೇ ಬರುತ್ತಿದ್ದಾರೆ. ಇಷ್ಟು ವರ್ಷದ ಸಂಸಾರದಲ್ಲಿ ಅವರನ್ನು ಒಬ್ಬರನ್ನೇ ವಿಮಾನ ಹತ್ತಿಸುತ್ತಿರುವುದು ಇದೇ ಮೊದಲು.

ಇದೇನು ಅವ್ವ ಕಾಗದ ಬರೆಯುವ ಕಾಲಕ್ಕೆ ಹೋದಳು ಎಂದು ನಗಬೇಡ. ಈ ಮನೆಯಲ್ಲಿ ಗುಟ್ಟು ಹೇಳಲು ಬೇರೆ ದಾರಿಯೇ ಇಲ್ಲ. ಫೋನ್ ಮಾಡಿದರೆ ನಿಮ್ಮಪ್ಪ ಸ್ಪೀಕರ್ ಹಾಕುತ್ತಾರೆ. ವಾಟ್ಸಾಪ್ ಬಂದರೆ ನನಗಿಂತ ಮೊದಲು ಅವರೇ ತೆಗೆದು, ವಾರ್ತೆ ಓದುವವರ ಹಾಗೆ ಗಟ್ಟಿಯಾಗಿ ಓದುತ್ತಾರೆ. ಮೇಲಿನ ಮನೆಯ ಅನು ನಾಳೆ ಬೆಂಗಳೂರಿಗೆ ಹೊರಟಿದ್ದಾಳೆ, ಅಲ್ಲಿಂದ ಹುಬ್ಬಳ್ಳಿಗೆ ಕೊರಿಯರ್ ಮಾಡುತ್ತೇನೆ ಎಂದಿದ್ದಾಳೆ. ನಿಮ್ಮಪ್ಪ ಮನೆ ಮುಟ್ಟುವ ಮೊದಲು ಈ ಕಾಗದ ನಿನ್ನ ಕೈ ಸೇರಬೇಕು. ಏಕೆಂದರೆ ಅವರ ಕೈಚೀಲದಲ್ಲಿ ನಿನ್ನ ಕ್ರಿಕೆಟ್ ಕಾರ್ಡುಗಳ ಡಬ್ಬಿ ಇದೆ, ಮತ್ತು ಅದನ್ನು ತೆರೆದ ಕೂಡಲೇ ನೀನು ಏನನ್ನುತ್ತೀಯೋ ಎಂಬುದೇ ನನಗೆ ಚಿಂತೆ. ಸಿಟ್ಟು ನಿನಗೆ ಮೂಗಿನ ತುದಿಯಲ್ಲೇ ಇರುತ್ತದೆ, ನಿನ್ನನ್ನು ಹೆತ್ತವಳು ನಾನು, ನನಗೆ ಗೊತ್ತಿಲ್ಲವೇ?

ವಿಷಯ ನೇರವಾಗಿ ಹೇಳಿಬಿಡುತ್ತೇನೆ, ಮೊದಲು ನೀರು ಕುಡಿ. ನಿಮ್ಮಪ್ಪ ಆ ಕಾರ್ಡುಗಳನ್ನೆಲ್ಲ ಲ್ಯಾಮಿನೇಟ್ ಮಾಡಿಬಿಟ್ಟಿದ್ದಾರೆ. ಒಂದನ್ನೂ ಬಿಟ್ಟಿಲ್ಲ.

ಅಯ್ಯೋ ಎಂದು ತಲೆ ಮೇಲೆ ಕೈ ಹೊತ್ತು ಕುಳಿತಿರುತ್ತೀ. ತಪ್ಪು ನಿನ್ನದೂ ಇದೆ, ಕೇಳು. ಪುಣೆಯ ಯಾರೋ ಇಡೀ ಸಂಗ್ರಹವನ್ನು ಒಳ್ಳೆಯ ಬೆಲೆಗೆ ಕೊಳ್ಳುತ್ತಾನೆ, ಆ ದುಡ್ಡಿನಲ್ಲಿ ಅಂಗಡಿಗೆ ಗಾಜಿನ ಬಾಗಿಲು ಹಾಕಿಸುತ್ತೇನೆ ಎಂದು ನೀನು ನನಗೆ ಮಾತ್ರ ಹೇಳಿದೆ. ಅಪ್ಪನಿಗೆ ಹೇಳಬೇಡ, ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ ಎಂದೆ. ಅವರಿಗೆ ನೀನು ಹೇಳಿದ್ದು ಇಷ್ಟೇ: "ಜ್ವಾಕಿಲೆ ತಗೊಂಡ ಬಾ ಅಪ್ಪಾ, ಒಂದೂ ಕೆಡಬಾರ್ದು ನೋಡ." ಕೆಡಬಾರದು ಎಂಬ ಮಾತು ನಿಮ್ಮಪ್ಪನ ಕಿವಿಗೆ ಬಿದ್ದರೆ ಮುಗಿಯಿತು. ಇಷ್ಟು ವರ್ಷ ಕಂಪನಿಯಲ್ಲಿ ಕಾಗದಪತ್ರ ಕಾಯ್ದ ಮನುಷ್ಯ. ನಿನ್ನ ಹತ್ತನೆಯ ತರಗತಿಯ ಅಂಕಪಟ್ಟಿ, ನಮ್ಮ ಲಗ್ನಪತ್ರಿಕೆ, ನಿಮ್ಮಜ್ಜಿ ಅವ್ವಮ್ಮ ಹೇಳಿ ಬರೆಸಿದ ಎಣ್ಣೆಗಾಯಿ ಮಸಾಲೆಯ ಅಳತೆ, ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಿದವರು. ಖುಷಿ ಹೋದ ವರ್ಷ ಇಲ್ಲಿಗೆ ಬಂದಾಗ ಆರಿಸಿ ತಂದ ಬೇವಿನ ಎಲೆಗೂ ಹೊದಿಸಿದ್ದಾರೆ. ನಾನು ಸ್ವಲ್ಪ ಹೊತ್ತು ಅಲ್ಲಾಡದೆ ಕುಳಿತರೆ ನನಗೂ ಹೊದಿಸಿಯಾರು!

ನಿವೃತ್ತಿಯ ಮಾರನೆಯ ದಿನವೇ ಶುರು. ಖರ್ಜೂರದ ಡಬ್ಬಿಯಿಂದ ಕಾರ್ಡುಗಳನ್ನು ತೆಗೆದು, ಹಳೆಯ ಪಂಚೆಯ ಚೂರಿನಿಂದ ಒಂದೊಂದನ್ನೂ ಒರೆಸಿ, ತಂಡ ತಂಡವಾಗಿ ಜೋಡಿಸಿದರು. ನಾನು ಶಾಲೆಯಿಂದ ಬರುವಷ್ಟರಲ್ಲಿ ಊಟದ ಮೇಜಿನ ಮೇಲೆ ಊಟವೊಂದನ್ನು ಬಿಟ್ಟು ಎಲ್ಲವೂ ಇರುತ್ತಿತ್ತು. "ಏನ್ರೀ ಇದು?" ಎಂದರೆ, "ಸುಮ್ಮನಿರ ತ್ರಿವೇಣಿ, ಇನ್ನ ನೂರು ವರ್ಷ ಏನೂ ಆಗಂಗಿಲ್ಲ ಇವಕ್ಕ" ಎಂದು ಮದುವೆ ಮನೆಯ ಯಜಮಾನನ ಹಾಗೆ ನಕ್ಕರು. ನನಗೂ ಚೆಂದವೇ ಕಂಡಿತು, ಸುಳ್ಳೇಕೆ ಹೇಳಲಿ. ಅಂಚು ಕತ್ತರಿಸಲು ನಾನೇ ಕೂತೆ.

ಆಮೇಲೆ ಒಂದು ಶುಕ್ರವಾರ ಸುವೈಕ್‌ಗೆ ಹೋಗಿದ್ದೆವು. ಅಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ಮಂಗಳೂರು ಕಡೆಯ ಇಸುಬು ನಿನಗೆ ನೆನಪಿರಬೇಕು, ಹಳೆಯ ನಾಣ್ಯ, ಸ್ಟಾಂಪು, ಕಾರ್ಡು ಎಲ್ಲ ಕೂಡಿಡುವವನು. ನಿಮ್ಮಪ್ಪ ಟೈರಿಗೆ ಗಾಳಿ ಹಾಕಿಸಲು ಹೋದಾಗ, ನನ್ನ ಮಗನ ಹತ್ತಿರವೂ ಇವೆ ಎಂಬ ಜಂಬದಲ್ಲಿ ಅವನಿಗೆಂದೇ ಪರ್ಸಿನಲ್ಲಿ ಒಯ್ದಿದ್ದ ಒಂದು ಕಾರ್ಡು ತೆಗೆದು ತೋರಿಸಿದೆ. ಅವನ ಮುಖ ಸಣ್ಣದಾಯಿತು. "ಇದನ್ನು ಯಾಕೆ ಹೀಗೆ ಮಾಡಿದ್ದು ಮೇಡಂ? ಪ್ಲಾಸ್ಟಿಕ್ ಹಾಕಿದ ಮೇಲೆ ಖಲಾಸ್. ಇನ್ನು ಯಾರೂ ತಕ್ಕೊಳ್ಳುವುದಿಲ್ಲ" ಎಂದ. ಬಿಸಿಗೆ ಅಂಟಿದ್ದನ್ನು ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದಂತೆ. ಹಳೆಯದು ಹಳೆಯದರ ಹಾಗೇ ಇರಬೇಕಂತೆ, ಮೂಲೆ ಮಡಚಿದ್ದರೂ ಪರವಾಗಿಲ್ಲವಂತೆ. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತಲ್ಲ! ನಿಮ್ಮಪ್ಪ ಒಳಗೆ ಬರುವುದನ್ನು ಕಂಡು, ಅವರ ಮುಂದೆ ಮಾತ್ರ ಹೇಳಬೇಡಪ್ಪಾ ಎಂದು ಕೈ ಮುಗಿದೆ. ಪುಣ್ಯಾತ್ಮ, ತಕ್ಷಣ ಮಾತು ತಿರುಗಿಸಿ ಚಹಾ ತರಿಸಿದ.

ಆಗಿದ್ದು ಆಯಿತು ಸಿದ್ದು. ಪುಣೆಯವನಿಗೆ ಇಲ್ಲ ಎಂದು ಹೇಳಿಬಿಡು. ಗಾಜಿನ ಬಾಗಿಲು ಇವತ್ತಲ್ಲ ನಾಳೆ ಆಗುತ್ತದೆ, ಮರದ ಬಾಗಿಲು ನೋಡಿ ಹುಬ್ಬಳ್ಳಿಯ ಹುಡುಗರು ಬ್ಯಾಟು ಕೊಳ್ಳುವುದನ್ನೇನೂ ಬಿಟ್ಟಿಲ್ಲ. ಆದರೆ ಆ ಕಾರ್ಡುಗಳಿಗೆ ನಮ್ಮ ಮನೆಯಲ್ಲಿ ಎಂಥ ಬೆಲೆ ಇತ್ತು ಎಂಬುದು ನಿನಗೆ ಪೂರ್ತಿ ಗೊತ್ತಿಲ್ಲ. ಬಬಲ್‌ಗಮ್ ಜೊತೆ ಬರುತ್ತಿದ್ದವಲ್ಲ? ಹಲ್ಲು ಹುಳುಕಾಗುತ್ತದೆ ಎಂದು ನಾನು ನಿನಗೆ ಅದನ್ನು ಕೊಡುತ್ತಿರಲಿಲ್ಲ. ಕಾರ್ಡು ಬೇಕೆಂದು ನೀನು ಉರುಳಾಡಿ ಅಳುತ್ತಿದ್ದೆ. ಆಗ ನಿಮ್ಮಪ್ಪ ಮೂಲೆಯ ಬಕಾಲದ ಅಂಗಡಿಯಿಂದ ತಾವೇ ಕೊಂಡು, ಆಫೀಸಿನಲ್ಲಿ ಕುಳಿತು ತಾವೇ ಅಗಿಯುತ್ತಿದ್ದರು. ಮೀಸೆ ಹೊತ್ತ ಮನುಷ್ಯ, ಬಾಯಿ ತುಂಬ ಗುಲಾಬಿ ಗಮ್ಮು! ಮ್ಯಾನೇಜರ್ ಕರೆದಾಗ ಉಗುಳಲೂ ಆಗದೆ ನುಂಗಿಬಿಟ್ಟದ್ದೂ ಉಂಟು. ಬಂದ ಕಾರ್ಡೇ ಮತ್ತೆ ಬಂದರೆ, ಕಂಪನಿಯ ಡ್ರೈವರ್ ಉಮ್ಮರ್ ತನ್ನ ಮಗನಿಗೆಂದು ಕೂಡಿಟ್ಟಿದ್ದರಲ್ಲಿ ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಇಬ್ಬರು ಗಂಡಸರು ಕಾರಿನ ಬಾನೆಟ್ ಮೇಲೆ ಕಾರ್ಡು ಹರಡಿಕೊಂಡು, ಜಮೀನು ವ್ಯವಹಾರದ ಹಾಗೆ ಚೌಕಾಸಿ ಮಾಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ನಿನಗೆ ಮಾತ್ರ ಬಬಲ್‌ಗಮ್ ಇಲ್ಲದ ಕಾರ್ಡು ಅಂಗಡಿಯಲ್ಲೇ ಸಿಗುತ್ತದೆ ಎಂದು ಹೇಳಿದ್ದರು, ನೀನು ನಂಬಿದ್ದೆ.

ಶುಕ್ರವಾರದ ನಿಮ್ಮ ಆಟ ನೆನಪಿದೆಯೇ? ಚಾಪೆಯ ಮೇಲೆ ಕಾರ್ಡುಗಳನ್ನು ಬೋರಲು ಹಾಕಿ, ಒಂದೊಂದಾಗಿ ಎತ್ತಿ, ಅದರ ಮೇಲಿನ ರನ್ನು ಕೂಡಿಸುತ್ತಿದ್ದಿರಿ. ನೀನು ಸೋತರೆ ಮನೆಯಲ್ಲಿ ಮಧ್ಯಾಹ್ನದ ಊಟವಿಲ್ಲ. ಅವರು ಸೋತಂತೆ ನಟಿಸಿದರೂ ನಿನಗೆ ಗೊತ್ತಾಗಿ ಇನ್ನೊಂದು ರಾದ್ಧಾಂತ. ಕೂಡಿಸುವ ಲೆಕ್ಕ ನಿನಗೆ ನಾನು ಕಲಿಸಿದೆನೆಂದು ಶಾಲೆಯಲ್ಲಿ ಹೇಳಿಕೊಳ್ಳುತ್ತಿದ್ದೆ. ಕಲಿಸಿದ್ದು ಆ ಚಾಪೆ. ಈಗ ನಿಮ್ಮಪ್ಪ ದಿನಕ್ಕೆ ಎರಡು ಸಲ ಆ ಡಬ್ಬಿ ತೆರೆದು ನೋಡಿ ಮುಚ್ಚುತ್ತಾರೆ. ಊರಿಗೆ ಹೋದ ಮೇಲೆ ನೀವು ಮೂರೂ ಜನ, ಅವರು, ನೀನು, ಖುಷಿ, ಆಡಬೇಕಂತೆ. ಮಾರುವ ಮಾತು ಅವರ ಕನಸಿನಲ್ಲೂ ಇಲ್ಲ.

ಹಾಗಾಗಿ ಮಗನೇ, ಡಬ್ಬಿ ತೆರೆದಾಗ ಮುಖ ಗಂಟಿಕ್ಕಬೇಡ. ಹಾಳು ಮಾಡಿಬಿಟ್ಟೆಯಲ್ಲಪ್ಪಾ ಎಂಬ ಮಾತು ನಾಲಿಗೆಯ ತುದಿಗೆ ಬಂದರೂ ನುಂಗು. ಅವರು ಗಮ್ಮು ನುಂಗಲಿಲ್ಲವೇ? ಪ್ರತಿಮಾಗೂ ಮೊದಲೇ ಹೇಳಿಡು. ಎಷ್ಟು ಚೆನ್ನಾಗಿ ಮಾಡಿದ್ದೀಯಪ್ಪಾ ಎಂದು ಒಂದು ಮಾತು ಅಂದುಬಿಟ್ಟರೆ ಅವರು ಒಂದು ವರ್ಷ ಅದರ ಮೇಲೇ ಬದುಕುತ್ತಾರೆ. ರಾತ್ರಿ ಅವರಿಗೆ ಅನ್ನ ಬೇಡ, ಎರಡು ರೊಟ್ಟಿ ಸಾಕು. ನಾನಿಲ್ಲವೆಂದು ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿಸಿಕೊಳ್ಳುತ್ತಾರೆ, ಕಣ್ಣಿಟ್ಟಿರು.

ಪ್ರತಿಮಾಗೆ ನನ್ನ ನೆನಪು. ಖುಷಿಗೆ ಎರಡು ಕೆನ್ನೆಗೂ ಮುತ್ತು. ನಿನ್ನ ಮನೆ, ಅಂಗಡಿ, ನಿನ್ನ ಆ ಸಿಟ್ಟಿನ ಮೂಗು, ಎಲ್ಲವನ್ನೂ ಬಸವಣ್ಣ ತಣ್ಣಗಿಟ್ಟಿರಲಿ.

ನಿನ್ನ ಅವ್ವ,
ತ್ರಿವೇಣಿ

ತಾ.ಕ. (ಶುಕ್ರವಾರ ಬೆಳಿಗ್ಗೆ): ಅನು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾಳೆ, ನಿಮ್ಮಪ್ಪ ಅವಳ ಪೆಟ್ಟಿಗೆ ಇಳಿಸಲು ಹೋಗಿದ್ದಾರೆ. ಮೇಲಿನದನ್ನೆಲ್ಲ ಬರೆದೆ, ಬರೆಯಬೇಕಾದ್ದನ್ನು ಬರೆಯಲಿಲ್ಲ. ಸಿದ್ದು, ನಿಮ್ಮಪ್ಪನ ಬಲಗೈ ನಡುಗುತ್ತದೆ. ಪಾರ್ಕಿನ್ಸನ್ ಶುರುವಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. "ಸಿದ್ದುಗೆ ಹೇಳಬ್ಯಾಡ, ನಾನ ಹೇಳತೀನಿ" ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ, ಆದರೆ ಅವರು ಹೇಳುವುದಿಲ್ಲ. ಮೊದಲ ದಿನ ಡಬ್ಬಿ ತೆರೆದು ಚಾಪೆಯ ಮೇಲೆ ಒಬ್ಬರೇ ಕಾರ್ಡು ಹರಡಿಕೊಂಡಿದ್ದರು. ತೆಳ್ಳನೆಯ ಕಾರ್ಡು ಬೆರಳಿಗೆ ಬರಲೇ ಇಲ್ಲ. ನಾನು ಬಾಗಿಲಲ್ಲಿ ನಿಂತಿದ್ದು ಅವರಿಗೆ ಗೊತ್ತಿಲ್ಲ. ಮಾರನೆಯ ದಿನ ಪ್ಲಾಸ್ಟಿಕ್ ತಂದರು. ದಪ್ಪಗಾದ ಮೇಲೆ ಹೇಗೋ ಎತ್ತುತ್ತಾರೆ. ನಾನು ಬರುವುದರೊಳಗೆ ಅಲ್ಲಿ ಒಳ್ಳೆಯ ನರದ ಡಾಕ್ಟರಿಗೆ ತೋರಿಸು, ನೆಪ ನೀನೇ ಹುಡುಕು. ಆಟಕ್ಕೆ ಕುಳಿತಾಗ ಕಾರ್ಡು ಎತ್ತಲು ಅವರಿಗೆ ಹೊತ್ತು ಹಿಡಿದರೆ ಖುಷಿ ಎತ್ತಿಕೊಡಲು ಹೋಗುತ್ತಾಳೆ, ಬಿಡಬೇಡ. ನೀನೂ ಕೈ ಚಾಚಬೇಡ. ಅವರೇ ಎತ್ತಲಿ, ನೀವಿಬ್ಬರೂ ಸುಮ್ಮನೆ ಕಾಯುತ್ತಿರಿ.