ಬೂದಿಯ ಎರಡನೇ ಬಾಣಂತನ

ಹೊಲಿಗೆ ಅಂಗಡಿಯ ಹಿಂಕೋಣೆ,
ಹದಿನಾಲ್ಕನೇ ತಾರೀಖು, ಬುಧವಾರ

ಮುದ್ದಿನ ಮಗಳೇ,

ಹೇಗಿದ್ದೀಯಮ್ಮಾ? ಹಡಗಿನ ಅಡುಗೆಮನೆ ಕೆಲಸ ಒಗ್ಗಿತೇ? ಮೊದಲ ವಾರವೆಲ್ಲ ಬರೀ ವಾಂತಿ ಅಂದಿದ್ದೆಯಲ್ಲ, ಈಗ ಊಟ ಸೇರುತ್ತಿದೆಯೇ? ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನಮ್ಮನ ಮಂಡಿನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಇನ್ನೂ ಗಟ್ಟಿ. ಈ ಕಾಗದ ಮುಂದಿನ ಬಂದರಿನಲ್ಲಿ ನಿನ್ನ ಕೈಸೇರುತ್ತದಂತೆ. ಫೋನಿನಲ್ಲೇ ಹೇಳಬಹುದಿತ್ತು. ನಾಲ್ಕು ಸಲ ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು.

ನೀನು ಸಾಕಿದ ಇಲಿಗಳ ವಿಷಯ. ಹೊರಡುವ ಮುನ್ನ ನೀನು ಹಾಳೆ ತುಂಬ ಬರೆದು ಗೋಡೆಗೆ ಅಂಟಿಸಿದ್ದರಲ್ಲಿ ಹೆಚ್ಚಿನದನ್ನು ಪಾಲಿಸಿದೆ. ಬೂದಿ ಬಸುರಿಯಾದ ಮೇಲೆ ದಿನಕ್ಕೊಂದು ಚೂರು ಬೇಯಿಸಿದ ಮೊಟ್ಟೆ ಕೊಟ್ಟೆ. ಗೂಡಿಗೆ ಕಾಗದದ ಪಟ್ಟಿ ಹಾಕಿದೆ. ದಾರ ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ ಅಂದಿದ್ದೆಯಲ್ಲ, ಅಂಗಡಿಯ ಒಂದೆಳೆಯೂ ಆ ಕಡೆ ಹೋಗದಂತೆ ಎರಡು ಹೊತ್ತೂ ಗುಡಿಸಿದೆ. ಹೆರಿಗೆಗೆ ಮೊದಲೇ ಗಂಡಿಲಿ ಸರದಾರನನ್ನು ಬೇರೆ ಪಂಜರಕ್ಕೆ ಹಾಕಿದೆ. ಒಂಬತ್ತು ಮರಿ ಹುಟ್ಟಿದ್ದನ್ನು ಆಗಲೇ ತಿಳಿಸಿದ್ದೆ. ತಿಳಿಸದೇ ಇದ್ದದ್ದು ಆ ಮಧ್ಯಾಹ್ನದ್ದು. ಸರದಾರ ಎರಡು ದಿನದಿಂದ ಕಾಳು ಮುಟ್ಟಿರಲಿಲ್ಲ, ಸರಳಿಗೆ ಮೂಗು ಒತ್ತಿ ಕೂತಿದ್ದ. ಅಪ್ಪನಾದವನು ಮಕ್ಕಳ ಮುಖ ನೋಡಬಾರದೇ ಅನ್ನಿಸಿತು. ಒಂದು ಕೋಟಿನ ಗುಂಡಿಗಳಿಗೆ ಕಾಜಾ ಹೊಲಿಯುವಷ್ಟು ಹೊತ್ತು ಒಳಗೆ ಬಿಟ್ಟೆ. ಹೆತ್ತ ದಿನವೇ ಅವಳು ಮತ್ತೆ ಬಸುರಾಗಬಲ್ಲಳೆಂದು ನೀನು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಓದಿದ್ದೆ ಮಗಳೇ. ಅರ್ಧ ಗಂಟೆಯಲ್ಲಿ ಏನು ಮಹಾ ಆದೀತು ಅಂದುಕೊಂಡೆ.

ಒಂಬತ್ತು ಬಾಯಿಗೆ ಹಾಲೂಡಿಸುತ್ತಾ, ಹೊಟ್ಟೆಯಲ್ಲಿ ಇನ್ನೊಂದು ಸೂಲು ಹೊತ್ತು ಅವಳು ಕಡ್ಡಿಯಾದಳು. ಬೆನ್ನುಮೂಳೆ ಬೆರಳಿಗೆ ಸಿಗುತ್ತಿತ್ತು, ಕಣ್ಣ ಸುತ್ತ ಕೆಂಪು ಕಟ್ಟಿತು. ಮೊದಲ ಮರಿಗಳು ಹಾಲು ಬಿಟ್ಟ ವಾರವೇ ಮತ್ತೆ ಏಳು ಹೆತ್ತಳು. ಪಶುವೈದ್ಯೆ ಮೈ ಸವರಿ ನೋಡಿ, "ಯಾರ್ರೀ ಗಂಡನ್ನ ಒಳಗೆ ಬಿಟ್ಟಿದ್ದು?" ಅಂದರು. ಪಂಜರದ ಬಾಗಿಲು ಸಡಿಲವಿತ್ತು ಅಂದೆ. ಬಾಯಿಲ್ಲದ ಬಾಗಿಲಿನ ಮೇಲೆ ತಪ್ಪು ಹೊರಿಸಿದೆ. "ಎರಡು ತಿಂಗಳಾದ್ರೂ ಬಿಡುವು ಕೊಡ್ಬೇಕಿತ್ತು. ಹೀಗಾದ್ರೆ ತಾಯಿ ತನ್ನ ಮೈಯನ್ನೇ ಕರಗಿಸಿ ಕೊಡ್ತಾಳೆ" ಎಂದು ಅವರು ಹೇಳುವಾಗ ನಿನ್ನಮ್ಮ ನನ್ನ ಮುಖ ನೋಡಿದಳು. ನಿನಗೂ ನಿನ್ನ ತಮ್ಮನಿಗೂ ಹನ್ನೊಂದು ತಿಂಗಳ ಅಂತರ ತಾನೇ? ದಾರಿಯಲ್ಲಿ ಇಷ್ಟೇ ಅಂದಳು: "ನನಗೂ ಆಗ ಹಲ್ಲು ಅಲ್ಲಾಡ್ತಿತ್ತು. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಹತ್ತು ದಿನಕ್ಕೆ ಹಾಲು ಬತ್ತಿತು. ಬಣ್ಣದ ಕುಂಚದ ತುದಿಯಿಂದ ಹಾಲು ಹನಿಸಿದೆವು. ಏಳರಲ್ಲಿ ಮೂರು ಬದುಕಿವೆ. ಮೊದಲ ಸೂಲಿನ ದೊಡ್ಡವನ್ನು ನೀನು ಮಾತು ಕೊಟ್ಟಿದ್ದ ಮೂರು ಮನೆಗಳಿಗೆ, ಹೆಣ್ಣಿಗೆ ಹೆಣ್ಣು, ಗಂಡಿಗೆ ಗಂಡು ಜೊತೆಮಾಡಿ ಕೊಟ್ಟಿದ್ದೇನೆ. ಅವುಗಳಲ್ಲಿ ಒಂದು ಹೆಣ್ಣುಮರಿಯನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಅದಕ್ಕೆ ಜೊತೆಯಾಗಿ ನಿನ್ನ ಇನ್ನೊಂದು ಹೆಣ್ಣಿಲಿ ಚುಕ್ಕಿ ಇದ್ದಾಳೆ. ಸರದಾರನ ಪಂಜರವನ್ನು ಬೇರೆ ಕೋಣೆಗೆ ಸಾಗಿಸಿದ್ದೇನೆ.

ಬೆಂಕಿಯ ಹತ್ತಿರ ಕೈ ಜೋಪಾನ. ಅಲೆ ಏಳುವಾಗ ಏನನ್ನಾದರೂ ಹಿಡಿದುಕೊಂಡು ನಿಲ್ಲು. ನಮ್ಮಿಬ್ಬರ ಆಶೀರ್ವಾದ ಸದಾ ನಿನ್ನ ಮೇಲಿದೆ.

ನಿನ್ನ
ಅಪ್ಪ

ತಾ.ಕ.: ಅಂಚೆ ಎತ್ತುವ ಹೊತ್ತಾಯಿತು. ಮೇಲೆ ಬರೆಯಲು ಕೈ ಓಡಲಿಲ್ಲ. ಬೂದಿ ಉಳಿಯಲಿಲ್ಲ ಮಗಳೇ. ಹಾಲು ಬತ್ತಿದ ಮರುದಿನ ಬೆಳಿಗ್ಗೆ ನಿನ್ನಮ್ಮನ ಮಡಿಲಲ್ಲೇ ಹೋದಳು. ಕಳೆದ ವಾರ ಕಳಿಸಿದ ಫೋಟೊದಲ್ಲಿರುವುದು ಅವಳಲ್ಲ, ನಾನು ಉಳಿಸಿಕೊಂಡ, ಅವಳದೇ ಬಣ್ಣದ ಅವಳ ಮಗಳು. "ಬೂದಿ ಎಷ್ಟು ಚೆನ್ನಾಗಿದ್ದಾಳಪ್ಪಾ, ನೀನು ನೋಡ್ಕೊಂಡಷ್ಟು ನಾನೂ ನೋಡ್ಕೊಳ್ತಿರ್ಲಿಲ್ಲ" ಅಂದೆಯಲ್ಲ, ಅದಕ್ಕೇ ಈ ಕಾಗದ ಬರೆಯಲು ಕೂತೆ.