ಅತ್ತೆಯ ಕೈತುತ್ತು

ಶುಕ್ರವಾರ, ನವೆಂಬರ್ ೧೪

ಇವತ್ತಿಗೆ ಆರು ದಿನ. ಆಫೀಸಿನಿಂದ ಸುಸ್ತಾಗಿ ಬಂದವಳು, ಒಲೆಯ ಮುಂದೆ ನಿಂತಿದ್ದ ಅತ್ತೆಗೆ “ಅಡಗಿ ಮಾಡಬ್ಯಾಡ್ರಿ, ಯಾರೂ ಉಣ್ಣೂದಿಲ್ಲ” ಎಂದುಬಿಟ್ಟೆ. ಅಂದಿನಿಂದ ಅವರು ನನ್ನೊಡನೆ ಮಾತಾಡಿಲ್ಲ, ಒಲೆಯನ್ನೂ ಹಚ್ಚಿಲ್ಲ. ನನಗೂ ತ್ರಾಣವಿಲ್ಲ. ಬರೀ ಬ್ರೆಡ್ಡು.

ಬೇಸತ್ತ ಗಂಡ ಪ್ರಭು ಸಂಜೆ ತಾಯಿಯನ್ನೂ ನನ್ನನ್ನೂ ಹಾರ್ಲೆಮ್‌ನ ಇಥಿಯೋಪಿಯನ್ ಹೋಟೆಲಿಗೆ ಕರೆದೊಯ್ದರು. ಐದೇ ಮೇಜು, ಅಲ್ಲಿ ಒಬ್ಬ ತಾಯಿ ಅಡುಗೆ ಮಾಡುತ್ತಾರೆ, ಅವರ ಮಗಳು ಬಡಿಸುತ್ತಾಳೆ. ಇಥಿಯೋಪಿಯದವರ ಉಪವಾಸದ ಊಟದಲ್ಲಿ ಮಾಂಸ, ಮೊಟ್ಟೆ ಇರುವುದಿಲ್ಲ, ಅತ್ತೆಗೂ ನಡೆಯುತ್ತದೆ. ಮೂವರಿಗೂ ಸೇರಿ ಒಂದೇ ದೊಡ್ಡ ತಟ್ಟೆ ಬಂತು: ಹುಳಿ ದೋಸೆಯಂಥ ಇಂಜೆರಾ, ಅದರ ಮೇಲೆ ಬೇಳೆ, ಸೊಪ್ಪು.

“ಎಂಜಲಾಗ್ತದ, ನನಗ ಬ್ಯಾರೆ ತಾಟ ಕೇಳಪ್ಪಾ” ಎಂದು ಅತ್ತೆ ಮಗನಿಗೆ ಹೇಳಿ ಕೈಕಟ್ಟಿ ಕೂತರು.

ಒಳಗಿನಿಂದ ನೋಡುತ್ತಿದ್ದ ಅಡುಗೆಯ ತಾಯಿಗೆ ಅದು ಸಂಕೋಚವೆಂದು ಕಂಡಿರಬೇಕು. ಬಂದವರೇ ಇಂಜೆರಾ ಹರಿದು, ಬೇಳೆ ಸುತ್ತಿ, ಅತ್ತೆಯ ಬಾಯಿಗೇ ಹಿಡಿದರು. ಇದಕ್ಕೆ ಗುರ್ಷಾ ಎನ್ನುತ್ತಾರಂತೆ, ಬೇಡವೆಂದರೆ ಅವಮಾನ. ಅತ್ತೆ ಬಾಯಿ ತೆರೆದರು. ಈಗ ನೀವು ಇನ್ನೊಬ್ಬರಿಗೆ ತಿನ್ನಿಸಿ ಎಂದು ಆ ತಾಯಿ ಕೈಸನ್ನೆ ಮಾಡಿದರು.

ಪ್ರಭು ಆಗಲೇ ಬಾಯಿ ತೆರೆದಿದ್ದರು. ತುತ್ತು ಅವರನ್ನು ದಾಟಿ ನನ್ನ ಬಾಯಿಗೆ ಬಂತು.

“ಯಾರೂ ಉಣ್ಣೂದಿಲ್ಲ ಅಂದಿದ್ದಿ ಅಲಾ? ತಗೋ.”

ತಪ್ಪಾಯಿತು ಎನ್ನಬೇಕಿತ್ತು, ಬಾಯಿ ತುಂಬಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆಹೋದೆ.

ಈಗ ಅಡುಗೆಮನೆಯಲ್ಲಿ ಕಾಳಿನ ಡಬ್ಬಿಯ ಸದ್ದು. “ನಾಳೆ ಎಷ್ಟ ಮಂದಿ ಉಣ್ಣಾವ್ರು?” ಎಂದು ಅತ್ತೆ ಅಲ್ಲಿಂದಲೇ ಕೇಳುತ್ತಿದ್ದಾರೆ. ಮನೆಯಲ್ಲಿರುವುದೇ ಮೂರು ಜನ. ಎದ್ದು ಹೋಗಿ ಹೇಳಬೇಕು. ನಿದ್ದೆಗೆ ಕಣ್ಣು ಮುಚ್ಚಿಹೋಗುತ್ತಿವೆ, ಇನ್ನೊಮ್ಮೆ ಕೇಳಿದರೆ ಮೂವರೂ ಉಣ್ಣುತ್ತೇವೆ ಎಂದು…